ಕಸ್ಟಮ್ ಟರೆಟ್ ಕೊರೆಸುವ ಮೊದಲು ನಿಮ್ಮ ರೈಫಲ್‌ನ ಲೆಕ್ಕ ತೆಗೆಯಿರಿ

ಪ್ರಶ್ನೆ: ನಮಸ್ಕಾರ ಸರ್. ನಾನು ಮದ್ದೂರು ಕಡೆಯವನು. ವ್ಯವಸಾಯ ನಮ್ಮ ಕಸುಬು. ಬಿಡುವಿದ್ದಾಗ ಮೈಸೂರಿನ ಕ್ಲಬ್‌ಗೆ ಬಂದು ನನ್ನ .22 ಬೋಲ್ಟ್ ರೈಫಲ್‌ನಲ್ಲಿ ಅಭ್ಯಾಸ ಮಾಡುತ್ತೇನೆ, ಲೈಸೆನ್ಸ್ ಇದೆ. ನಮ್ಮ ಭಾವ ಅಮೆರಿಕದ ಕೊಲೊರಾಡೊದಲ್ಲಿದ್ದಾರೆ. ಅಲ್ಲಿ ಪರ್ಮಿಟ್ ತೆಗೆದುಕೊಂಡು ಬೇಟೆಗೆ ಹೋಗುತ್ತಾರೆ. ಹೊಸ ಸ್ಕೋಪ್ ಕೊಂಡಿರುವುದರಿಂದ ಹಳೆಯದನ್ನು ನನಗೆ ಕೊಡುತ್ತೇನೆ ಅಂದಿದ್ದಾರೆ. ಅದರ ಟರೆಟ್ (ಗುರಿಯ ಎತ್ತರ ಹೊಂದಿಸಲು ತಿರುಗಿಸುವ ನಾಬ್) ಮೇಲೆ 2, 3, 4, 5 ಅಂತ ನೂರು ಗಜಗಳ ಲೆಕ್ಕದ ಗುರುತು ಇದೆ. ಅಂಚಿನಲ್ಲಿ ಸಣ್ಣದಾಗಿ ‘.30-06, 180 ಗ್ರೇನ್, 2700, 8000 ಅಡಿ’ ಅಂತ ಕೊರೆದಿದೆ. ಇದು ನನ್ನ ರೈಫಲ್‌ಗೆ ನಡೆಯುತ್ತಾ? ಇಲ್ಲವಾದರೆ ನನ್ನ ತೋಟಾಗೆ ಸರಿಯಾಗಿ ಹೊಸದು ಮಾಡಿಸಬೇಕಾ? ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇಸರ್‌ನಲ್ಲಿ ಕೊರೆದು ಕೊಡುತ್ತಾರಂತೆ. ಇದನ್ನು ಹಾಕಿದರೆ ದೂರ ನೋಡಿ ತಿರುಗಿಸಿದರೆ ಸಾಕು, ಗುಂಡು ಅಲ್ಲೇ ಬೀಳುತ್ತೆ ಅಂತ ಸ್ನೇಹಿತರು ಹೇಳುತ್ತಾರೆ. ಕಬ್ಬಿನ ಗದ್ದೆಗೆ ಹಂದಿ ಕಾಟ ಇದೆ, ಅದಕ್ಕೂ ಆಗುತ್ತೆ ಅಂತ ಪಕ್ಕದವರು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಪ್ರಶ್ನೆ ನಾಲ್ಕೈದು ಇದ್ದರೂ ನಿಮ್ಮ ಚಿಂತೆ ಒಂದೇ ಅನ್ನಿಸುತ್ತದೆ. ಒಳ್ಳೆಯ ಸ್ಕೋಪ್ ಪುಕ್ಕಟೆ ಬರ್ತಾ ಇದೆ, ಅದರ ಮೇಲೆ ಇನ್ನೊಬ್ಬರ ರೈಫಲ್‌ನ ಲೆಕ್ಕ ಕೊರೆದಿದೆ, ಅದನ್ನು ನಂಬಬಹುದಾ ಅಂತ. ಆ ಅಂಕಿಗಳನ್ನು ನಂಬಬೇಡಿ. ಸ್ಕೋಪ್ ನಿಮಗೆ ಉಪಯೋಗಕ್ಕೆ ಬರಬಹುದು, ಅದಕ್ಕೆ ಮೊದಲು ನೋಡಬೇಕಾದ್ದು ಒಂದಷ್ಟಿದೆ.

ಹಂದಿ ವಿಷಯ ಮೊದಲು ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ನೀವು ಜೈಲಿಗೆ ಹೋಗುವಷ್ಟು ಅಪಾಯ ಇದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಹವ್ಯಾಸಕ್ಕೆ ಅಂತ ಬೇಟೆ ಆಡುವ ಹಾಗಿಲ್ಲ. ಬಂದೂಕಿನ ಲೈಸೆನ್ಸ್ ಅಂದರೆ ಬಂದೂಕು ಇಟ್ಟುಕೊಳ್ಳಲು ಅನುಮತಿ. ಪ್ರಾಣಿ ಹೊಡೆಯಲು ಅಲ್ಲ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್ ಇದ್ದರೂ ಅಷ್ಟೇ. ಬೆಳೆ ಹಾಳಾಗುತ್ತಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ. ಇಲಾಖೆಯಿಂದ ಬರಹದಲ್ಲಿ ಅನುಮತಿ ಬರದ ಹೊರತು ರೈಫಲ್ ಕಡೆ ಕೈ ಹಾಕಬೇಡಿ. ಇನ್ನೊಂದು ಮಾತು. .22 ಗುಂಡು ಚಿಕ್ಕದು ಅಂತ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅದು ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ದೂರ ಹೋಗಬಲ್ಲದು. ನಾಲೆಯ ನೀರಿಗೆ ತಾಗಿದರೆ ಜಿಗಿದು ಬೇರೆ ದಿಕ್ಕಿಗೆ ಹೋಗುತ್ತದೆ. ಕಬ್ಬಿನ ಆಚೆ ಯಾರು ನೀರು ಕಟ್ಟುತ್ತಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ. ಅಲ್ಲದೆ .22 ಗುಂಡು ಹಂದಿಯನ್ನು ಒಂದೇ ಏಟಿಗೆ ಕೊಲ್ಲುವಂಥದ್ದಲ್ಲ, ಗಾಯ ಮಾಡಿ ದಿನಗಟ್ಟಲೆ ನರಳಿಸುತ್ತದೆ. ಸ್ಕೋಪ್ ಪರೀಕ್ಷೆ ಕೂಡ ಗದ್ದೆ ಬದುವಿನ ಮೇಲೆ ಬೇಡ, ಅನುಮತಿ ಇರುವ ರೇಂಜ್‌ನಲ್ಲೇ ಮಾಡಿ.

ಈಗ ಟರೆಟ್ ವಿಷಯಕ್ಕೆ ಬರೋಣ.

ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಗುಂಡು ಕೆಳಕ್ಕೆ ಬೀಳಲು ಶುರುವಾಗುತ್ತದೆ. ಗುಂಡು ಮೊದಲು ಮೇಲೆ ಏರಿ ಆಮೇಲೆ ಇಳಿಯುತ್ತದೆ ಅನ್ನುವ ಮಾತು ರೇಂಜ್‌ನಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ಅದು ತಾನಾಗಿ ಏರುವುದಿಲ್ಲ. ಸ್ಕೋಪ್‌ನ ನೋಟ ನೇರ ಇರುತ್ತದೆ, ನಳಿಗೆಯನ್ನು ನಾವು ಕೂದಲೆಳೆಯಷ್ಟು ಮೇಲಕ್ಕೆ ಮುಖ ಮಾಡಿ ಕೂರಿಸಿರುತ್ತೇವೆ, ಹಾಗಾಗಿ ಗುಂಡು ನೋಟದ ಗೆರೆಯನ್ನು ದಾಟಿ ಬಂದಂತೆ ಕಾಣುತ್ತದೆ. ಗುಂಡು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೋ ಅದಕ್ಕೆ ತಕ್ಕಂತೆ ಬೀಳುತ್ತದೆ. ಹೊತ್ತು ಎರಡರಷ್ಟಾದರೆ ಬೀಳುವುದು ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಜೊತೆಗೆ ದೂರ ಹೋದಂತೆ ಗಾಳಿಯ ತಡೆಗೆ ಗುಂಡಿನ ವೇಗ ಕುಗ್ಗುತ್ತದೆ, ಮುಂದಿನ ಒಂದೊಂದು ನೂರು ಗಜಕ್ಕೂ ಹಿಂದಿನದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ದೂರ ಜಾಸ್ತಿಯಾದಂತೆ ಟರೆಟ್ ಮೇಲಿನ ಗುರುತುಗಳ ನಡುವಿನ ಅಂತರ ಹಿಗ್ಗುತ್ತಾ ಹೋಗುವುದು ಇದಕ್ಕೇ. ಭಾವನ ಟರೆಟ್ ಫೋಟೋ ನೋಡಿ, 2ರಿಂದ 3ಕ್ಕೆ ಇರುವ ಜಾಗಕ್ಕಿಂತ 4ರಿಂದ 5ಕ್ಕೆ ಇರುವ ಜಾಗ ದೊಡ್ಡದು.

ಟರೆಟ್ ಒಳಗೆ ಒಂದು ಸ್ಕ್ರೂ ಇದೆ. ತಿರುಗಿಸಿದಂತೆ ಅದು ಸ್ಕೋಪ್ ಒಳಗಿನ ಸಣ್ಣ ಕೊಳವೆಯನ್ನು ತಳ್ಳುತ್ತದೆ, ಎದುರುಗಡೆ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ. ಟಕ್ ಟಕ್ ಅನ್ನುವ ಒಂದೊಂದು ಕ್ಲಿಕ್‌ಗೂ ಒಂದು ಅಳತೆ ಇದೆ. ಅಮೆರಿಕದ ಬೇಟೆ ಸ್ಕೋಪ್‌ಗಳಲ್ಲಿ ಸಾಮಾನ್ಯವಾಗಿ ಕಾಲು ಎಂಒಎ. ಒಂದು ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ, 100 ಮೀಟರ್‌ನಲ್ಲಿ 2.9 ಸೆಂ.ಮೀ. ಹಾಗಾಗಿ ಒಂದು ಕ್ಲಿಕ್‌ಗೆ 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ., 50 ಮೀಟರ್‌ನಲ್ಲಿ ಮೂರೂವರೆ ಮಿ.ಮೀ. ಕಸ್ಟಮ್ ಟರೆಟ್ ಮಾಡಿಸಿದಾಗ ಬದಲಾಗುವುದು ಹೊರಗಿನ ಟೊಪ್ಪಿ ಮಾತ್ರ. ಕ್ಲಿಕ್ ಹಾಗೇ ಇರುತ್ತದೆ, ಸ್ಕ್ರೂ ಹಾಗೇ ಇರುತ್ತದೆ. ಕ್ಲಿಕ್ ಎಣಿಸುವ ಬದಲು ದೂರವನ್ನೇ ಓದಿಕೊಳ್ಳಬಹುದು, ಅನುಕೂಲ ಅಷ್ಟೇ. ಸ್ಕೋಪ್ ಇದರಿಂದ ಒಂದು ಕೂದಲಷ್ಟೂ ನಿಖರ ಆಗುವುದಿಲ್ಲ. ಒಳಗಿನ ಕ್ಲಿಕ್ ಸರಿಯಿಲ್ಲದ ಸ್ಕೋಪ್ ಮೇಲೆ ಎಷ್ಟು ಚೆನ್ನಾಗಿ ಕೊರೆಸಿದರೂ ತಪ್ಪು ತಪ್ಪೇ.

ಲ್ಯೂಪೋಲ್ಡ್, ಝೈಸ್, ಸ್ವರೋವ್ಸ್ಕಿ ಥರದ ದೊಡ್ಡ ಕಂಪನಿಗಳೇ ಈ ಸೌಲಭ್ಯ ಕೊಡುತ್ತವೆ. ಲ್ಯೂಪೋಲ್ಡ್‌ನವರದು ಸಿಡಿಎಸ್ ಅಂತ ಕರೆಯುವ ಡಯಲ್. ಅವರು ಕೇಳುವ ವಿವರ ನೋಡಿದರೆ ವಿಷಯ ಅರ್ಥ ಆಗುತ್ತದೆ. ಯಾವ ತೋಟಾ, ಗುಂಡಿನ ತೂಕ ಎಷ್ಟು, ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಅಂಕಿ, ನಳಿಗೆಯ ತುದಿಯಲ್ಲಿ ವೇಗ, ನಳಿಗೆಯ ಮಧ್ಯದಿಂದ ಸ್ಕೋಪ್ ಮಧ್ಯಕ್ಕೆ ಎತ್ತರ, ಎಷ್ಟು ದೂರಕ್ಕೆ ಝೀರೋ ಮಾಡಿದ್ದೀರಿ (ಅಂದರೆ ಯಾವ ದೂರದಲ್ಲಿ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದ್ದೀರಿ), ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿ ಹೊಡೆಯುತ್ತೀರಿ, ಅಲ್ಲಿ ಹವೆ ಎಷ್ಟು ಬಿಸಿ. ಇದರಲ್ಲಿ ಒಂದು ಬದಲಾದರೂ ಗುರುತು ಜರುಗುತ್ತದೆ. ನಿಮ್ಮ ಭಾವನ ಟರೆಟ್ ಅಂಚಿನಲ್ಲಿ ಕೊರೆದಿರುವುದು ಅದೇ ವಿವರ. .30-06 ಅನ್ನುವ ದೊಡ್ಡ ರೈಫಲ್‌ನ ತೋಟಾ, 180 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು, ಸೆಕೆಂಡಿಗೆ 2700 ಅಡಿ ವೇಗ, 8000 ಅಡಿ ಎತ್ತರದ ಬೆಟ್ಟದ ಹವೆ. ಅಷ್ಟು ಎತ್ತರದಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಐದನೇ ಒಂದು ಪಾಲಿಗೂ ಜಾಸ್ತಿ ತೆಳು. ಮಂಡ್ಯ ಇರುವುದು ಸಮುದ್ರ ಮಟ್ಟದಿಂದ 700 ಮೀಟರ್‌ಗೂ ಸ್ವಲ್ಪ ಕಡಿಮೆ ಎತ್ತರದಲ್ಲಿ, ಮೈಸೂರು 760 ಮೀಟರ್ ಆಸುಪಾಸು. ನಮ್ಮ ಗಾಳಿ ದಪ್ಪ. ಭಾವ ಅದೇ ರೈಫಲ್, ಅದೇ ತೋಟಾ ತಂದು ಇಲ್ಲಿ ಹೊಡೆದರೂ 500 ಗಜದ ಗುರುತಿಗೆ ಗುಂಡು ಕೆಳಗೇ ಬೀಳುತ್ತದೆ.

ನಿಮ್ಮ .22ಕ್ಕೆ ಹಾಕಿದರೆ? ಸಾಮಾನ್ಯ ವೇಗದ 40 ಗ್ರೇನ್ ತೋಟಾ ಅಂದುಕೊಳ್ಳೋಣ, ಸೆಕೆಂಡಿಗೆ 330 ಮೀಟರ್ ಹತ್ತಿರ. 50 ಮೀಟರ್‌ಗೆ ಝೀರೋ ಮಾಡಿಕೊಂಡು 100 ಮೀಟರ್‌ಗೆ ಹೊಡೆದರೆ ಸುಮಾರು 20 ಸೆಂ.ಮೀ. ಕೆಳಗೆ ಬೀಳುತ್ತದೆ. ಕಾಲು ಎಂಒಎ ಕ್ಲಿಕ್‌ನಲ್ಲಿ 27ರ ಸುತ್ತಮುತ್ತ. ಭಾವನ ಡಯಲ್ ಮೇಲೆ ಅಷ್ಟು ಕ್ಲಿಕ್ ತಿರುಗಿಸಿದರೆ ಮುಳ್ಳು 4 ಮತ್ತು 5ರ ನಡುವೆ ಎಲ್ಲೋ ನಿಲ್ಲುತ್ತದೆ. ಅಂದರೆ ನಿಮ್ಮ 100 ಮೀಟರ್ ಅವರ ಪಾಲಿಗೆ 400 ಗಜ ದಾಟಿದ ದೂರ. ಮಧ್ಯದ ದೂರಗಳಿಗೂ ಈ ಎರಡು ತಾಳೆ ಆಗುವುದಿಲ್ಲ, ಯಾಕೆಂದರೆ ಎರಡು ಗುಂಡುಗಳ ಹಾದಿ ಬೇರೆ ಬೇರೆ ಥರ ಬಾಗುತ್ತದೆ.

‘ದೂರ ನೋಡಿ ತಿರುಗಿಸಿದರೆ ಸಾಕು’ ಅನ್ನುವ ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯ ಇದೆ. ಎತ್ತರದ ಲೆಕ್ಕಕ್ಕೆ ಅದು ಸರಿ, ಅದೂ ದೂರ ಸರಿಯಾಗಿ ಅಳೆದಿದ್ದರೆ. ಗಾಳಿಯ ಲೆಕ್ಕ ಆ ಟೊಪ್ಪಿಗೆ ಗೊತ್ತಿಲ್ಲ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ನಿಮಗೆ ಗೊತ್ತಲ್ವಾ, ತೆಂಗಿನ ಗರಿ ಒಂದೇ ಕಡೆಗೆ ಬಾಚಿದ ಹಾಗೆ ನಿಂತಿರುತ್ತದೆ. ಗಂಟೆಗೆ 16 ಕಿ.ಮೀ. ಅಡ್ಡ ಗಾಳಿ ಇದ್ದರೆ ಸಾಕು, ನಿಮ್ಮ .22 ಗುಂಡು 100 ಮೀಟರ್‌ನಲ್ಲಿ ಹತ್ತು ಸೆಂ.ಮೀ.ಗೂ ಮಿಕ್ಕಿ ಪಕ್ಕಕ್ಕೆ ಸರಿಯುತ್ತದೆ. ಇದರಲ್ಲಿ ಬಹಳ ಜನರಿಗೆ ಅಚ್ಚರಿ ಆಗುವ ಸಂಗತಿ ಒಂದಿದೆ. ಹೈ ವೆಲಾಸಿಟಿ ಅಂತ ಡಬ್ಬದ ಮೇಲೆ ಬರೆದಿರುವ .22 ತೋಟಾ ಬೀಳುವುದು ಕಡಿಮೆ ನಿಜ, ಆದರೆ ಗಾಳಿಗೆ ಸರಿಯುವುದು ಸಾಮಾನ್ಯ ತೋಟಾಗಿಂತ ಜಾಸ್ತಿ. ಶಬ್ದದ ವೇಗ ದಾಟಿ ಹೊರಟ ಗುಂಡು ದಾರಿಯಲ್ಲಿ ತಟ್ಟನೆ ವೇಗ ಕಳೆದುಕೊಳ್ಳುತ್ತದೆ, ಹಾಗೆ ಕಳೆದುಕೊಂಡಷ್ಟೂ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ಪೇಪರ್ ಮೇಲೆ ಗುರಿ ಕಟ್ಟುವವರು ನಿಧಾನದ ತೋಟಾ ಹುಡುಕುತ್ತಾರೆ.

ಎತ್ತರ, ಹವೆ ಅಂತ ಇಷ್ಟೆಲ್ಲ ಹೇಳಿದೆ. ನಿಮ್ಮ ಮಟ್ಟಿಗೆ ಅವುಗಳಿಗಿಂತ ಮುಖ್ಯವಾದದ್ದು ತೋಟಾದ ಲಾಟ್, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ತೋಟಾಗಳ ಗುಂಪು. 100 ಮೀಟರ್ ಒಳಗೆ ಹೊಡೆಯುವ .22ಕ್ಕೆ ಮೈಸೂರಿನ ಎತ್ತರ, ಮಂಡ್ಯದ ಎತ್ತರ ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ಆದರೆ ಒಂದು ಲಾಟ್‌ಗಿಂತ ಇನ್ನೊಂದು ಸೆಕೆಂಡಿಗೆ 10 ಮೀಟರ್ ನಿಧಾನ ಇದ್ದರೆ, ಸ್ಕೋಪ್ ಮುಟ್ಟದೆ ಹಾಗೇ ಹೊಡೆದರೆ, 100 ಮೀಟರ್‌ನಲ್ಲಿ 3 ಸೆಂ.ಮೀ. ಕೆಳಗೆ ಬೀಳುತ್ತದೆ. ಅಂದರೆ ನಾಲ್ಕು ಕ್ಲಿಕ್. ನಮ್ಮಲ್ಲಿ ಒಂದೇ ಬ್ರಾಂಡ್ ತೋಟಾ ವರ್ಷಪೂರ್ತಿ ಸಿಗುವುದೇ ಕಷ್ಟ, ಅದರಲ್ಲೂ ಒಂದೇ ಲಾಟ್ ಎಲ್ಲಿಂದ ತರೋದು? ಸಿಕ್ಕಿದ್ದನ್ನು ತಂದು ಹೊಡೆಯುವವರು ಒಂದೇ ತೋಟಾಗೆ ಲೋಹದ ಮೇಲೆ ಕೊರೆಸಿ ಕೂರುವುದು ದುಡುಕು ಅಂತ ನನ್ನ ಅಭಿಪ್ರಾಯ. ಅಮೆರಿಕದ ಬೇಟೆಗಾರರ ಪರಿಸ್ಥಿತಿ ಬೇರೆ. ಅಲ್ಲಿ ಒಂದೇ ತೋಟಾ ಪೆಟ್ಟಿಗೆಗಟ್ಟಲೆ ಕೊಂಡು ಇಟ್ಟುಕೊಳ್ಳಬಹುದು, ವರ್ಷಕ್ಕೊಂದು ಸೀಸನ್ ಅದೇ ಬೆಟ್ಟಕ್ಕೆ ಹೋಗುತ್ತಾರೆ. ಅವರಿಗೆ ಕೊರೆದ ಟರೆಟ್ ಅರ್ಥಪೂರ್ಣ.

ಭಾವನ ಸ್ಕೋಪ್ ಬಗ್ಗೆ ಇನ್ನೊಂದು ತೊಂದರೆ ಇದೆ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪ್ಯಾರಲಾಕ್ಸ್. ಸ್ಕೋಪ್ ಹಿಂದೆ ಕಣ್ಣು ಸ್ವಲ್ಪ ಆಚೀಚೆ ಆದರೆ ಅಡ್ಡಗೆರೆ ಗುರಿಯ ಮೇಲೆ ತೇಲಿದಂತೆ ಸರಿಯುತ್ತದಲ್ಲ, ಅದೇ. ದೊಡ್ಡ ರೈಫಲ್‌ನ ಬೇಟೆ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಅಥವಾ 150 ಗಜಕ್ಕೆ ಹೊಂದಿಸಿರುತ್ತಾರೆ. .22ಕ್ಕೆಂದೇ ಮಾಡಿದವು 50–60 ಗಜಕ್ಕೆ ಇರುತ್ತವೆ. ಪಕ್ಕದಲ್ಲಿ ಹೊಂದಿಸುವ ನಾಬ್ ಇದ್ದರೆ, ಅದು 50 ಮೀಟರ್ ತನಕ ಬಂದರೆ ಸರಿ. ಇಲ್ಲದಿದ್ದರೆ 50 ಮೀಟರ್ ಪೇಪರ್ ಮೇಲೆ ಕಾರಣವೇ ತಿಳಿಯದೆ ಗುಂಡು ಚೆದುರುತ್ತದೆ. ಆಗ ತೋಟಾ ಮೇಲೆ, ರೈಫಲ್ ಮೇಲೆ, ಕೊನೆಗೆ ನಿಮ್ಮ ಕೈ ಮೇಲೆ ಅನುಮಾನ ಬರುತ್ತದೆ. ಭಾವನಿಗೆ ಫೋನ್ ಮಾಡಿ ಮೊದಲು ಇದನ್ನೇ ಕೇಳಿ. ಹಾಗೇ ಇನ್ನೊಂದು: 50 ಮೀಟರ್ ಪ್ರೋನ್, ತ್ರೀ ಪೊಸಿಷನ್ ಥರದ ಐಎಸ್ಎಸ್ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಸ್ಪರ್ಧೆಗಳಲ್ಲಿ ರೈಫಲ್ ಮೇಲೆ ಸ್ಕೋಪ್‌ಗೆ ಅವಕಾಶವೇ ಇಲ್ಲ. ಆ ದಾರಿಯಲ್ಲಿ ಹೋಗುವ ಯೋಚನೆ ಇದ್ದರೆ ಈ ಖರ್ಚು, ಈ ತಲೆನೋವು ಎರಡೂ ಬೇಡ.

ತರಿಸುವುದು ಹೇಗೆ ಅನ್ನುವುದೂ ಸುಲಭದ ವಿಷಯ ಅಲ್ಲ. ಬಂದೂಕಿನ ಸ್ಕೋಪ್‌ಗಳು ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ರಜೆಗೆ ಬರುವಾಗ ಬಟ್ಟೆ ಮಧ್ಯೆ ಸುತ್ತಿ ಸೂಟ್‌ಕೇಸ್‌ನಲ್ಲಿ ಇಟ್ಟುಕೊಂಡು ಬರೋಣ ಅಂದುಕೊಂಡರೆ ಅಲ್ಲಿ ಭಾವನಿಗೂ ತೊಂದರೆ, ಇಲ್ಲಿ ಕಸ್ಟಮ್ಸ್‌ನಲ್ಲಿ ನಿಮಗೂ ತೊಂದರೆ. ಅಲ್ಲಿ ರಫ್ತಿಗೆ ಅನುಮತಿ ಬೇಕಾ ಅಂತ ಅವರು ವಿಚಾರಿಸಲಿ. ಇಲ್ಲಿ ನೀವು ಕಸ್ಟಮ್ಸ್‌ಗೂ ನಿಮ್ಮ ಲೈಸೆನ್ಸ್ ಕೊಟ್ಟ ಕಚೇರಿಗೂ ಬರೆದು ಕೇಳಿ, ಉತ್ತರ ಬರಹದಲ್ಲೇ ಇಟ್ಟುಕೊಳ್ಳಿ. ಇಷ್ಟು ಓಡಾಟಕ್ಕಿಂತ ಇಲ್ಲೇ ಲೈಸೆನ್ಸ್ ಇರುವ ಡೀಲರ್ ಹತ್ತಿರ .22ಕ್ಕೆ ಸರಿಹೊಂದುವ ಸ್ಕೋಪ್ ಬಿಲ್ ಸಮೇತ ಕೊಳ್ಳುವುದು ಎಷ್ಟೋ ವಾಸಿ ಅಂತ ನಿಮಗೇ ಅನ್ನಿಸಬಹುದು.

ಸ್ಕೋಪ್ ಯಾವುದೇ ಆಗಲಿ, ಮುಂದಿನ ಕೆಲಸ ಒಂದೇ. ಕ್ಲಿಕ್ ನಿಜ ಹೇಳುತ್ತದಾ ಅಂತ ಪರೀಕ್ಷೆ ಮಾಡಬೇಕು. 50 ಮೀಟರ್‌ನಲ್ಲಿ ಉದ್ದದ ಪೇಪರ್ ಅಂಟಿಸಿ. ಮೇಲಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ, ಅದು ಅಲ್ಲಾಡುವುದು ನಿಂತ ಮೇಲೆ ಅದರ ಗುಂಟ ಪೆನ್ನಿನಲ್ಲಿ ಗೆರೆ ಎಳೆಯಿರಿ. ಗೆರೆಯ ಬುಡದಲ್ಲಿ ಒಂದು ಚುಕ್ಕೆ ಇಡಿ. ಸ್ಕೋಪ್‌ನ ನಿಂತ ಗೆರೆ ಈ ಗೆರೆಯ ಮೇಲೆ ಸರಿಯಾಗಿ ಕೂತಿದೆಯಾ ನೋಡಿಕೊಂಡು, ಮರಳು ಚೀಲದ ಮೇಲೆ ರೈಫಲ್ ಇಟ್ಟು ಚುಕ್ಕೆಗೆ ಐದು ಗುಂಡು ಹೊಡೆಯಿರಿ. ಆಮೇಲೆ 40 ಕ್ಲಿಕ್ ಏರಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಇನ್ನೈದು. ಎರಡು ಗುಂಪುಗಳ ಮಧ್ಯದಿಂದ ಮಧ್ಯಕ್ಕೆ ಸ್ಕೇಲ್ ಇಡಿ. 14.5 ಸೆಂ.ಮೀ. ಬಂದರೆ ನಿಮ್ಮದು ಸರಿಯಾದ ಕಾಲು ಎಂಒಎ ಕ್ಲಿಕ್. 13.9 ಬಂದರೆ ನೂರು ಗಜಕ್ಕೆ ಕಾಲು ಇಂಚು ಲೆಕ್ಕದ ಕ್ಲಿಕ್ ಇರಬಹುದು, ಅದೇನೂ ದೋಷ ಅಲ್ಲ, ನಿಮಗೆ ಗೊತ್ತಿದ್ದರೆ ಸಾಕು. ಎರಡನೇ ಗುಂಪು ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ಸ್ಕೋಪ್ ಓರೆಯಾಗಿ ಕೂತಿದೆ. ಕೊನೆಗೆ 40 ಕ್ಲಿಕ್ ಇಳಿಸಿ ಮತ್ತೆ ಹೊಡೆಯಿರಿ. ಗುಂಪು ಮೊದಲಿನ ಜಾಗಕ್ಕೇ ವಾಪಸ್ ಬರಬೇಕು. ಬರದಿದ್ದರೆ ಮೌಂಟ್ ಸ್ಕ್ರೂ ಬಿಗಿ ಇದೆಯಾ ನೋಡಿ. ಬಿಗಿ ಇದ್ದೂ ಬರದಿದ್ದರೆ ಆ ಸ್ಕೋಪ್‌ನಲ್ಲಿ ತಿರುಗಿಸಿ ಹೊಡೆಯುವ ಆಸೆ ಬಿಟ್ಟುಬಿಡಿ.

ಇದು ಪಾಸಾದರೆ 50, 75, 100 ಮೀಟರ್‌ಗೆ ನಿಜವಾಗಿ ಎಷ್ಟೆಷ್ಟು ಕ್ಲಿಕ್ ಬೇಕು ಅಂತ ಹೊಡೆದು ಬರೆದುಕೊಳ್ಳಿ. ಫೋನ್ ಆ್ಯಪ್ ಕೊಡುವ ಲೆಕ್ಕ ಒಳ್ಳೆಯ ಅಂದಾಜು. ಡಬ್ಬದ ಮೇಲಿನ ವೇಗ ಕಂಪನಿಯವರ ಟೆಸ್ಟ್ ನಳಿಗೆಯದು, ನಿಮ್ಮ ನಳಿಗೆಯದಲ್ಲ. ಆ್ಯಪ್ 27 ಅಂದು ಪೇಪರ್ 29 ಅಂದರೆ ಪೇಪರ್ ಹೇಳಿದ್ದೇ ಸರಿ. ಆಮೇಲೆ ಆ್ಯಪ್‌ನಲ್ಲಿ ವೇಗ ತಿದ್ದಿ ಎರಡನ್ನೂ ಹೊಂದಿಸಿಕೊಳ್ಳಬಹುದು.

ಈ ಅಂಕಿಗಳು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಸುಲಭದ್ದು, ಕಾರ್ಖಾನೆಯ ಡಯಲ್ ಹಾಗೇ ಬಿಟ್ಟು ಒಂದು ಚೀಟಿಯನ್ನು ರೈಫಲ್ ಹಿಡಿಯ ಮೇಲೆ ಅಂಟಿಸಿಕೊಳ್ಳುವುದು. ಬಹುಪಾಲು ಜನರಿಗೆ ಇದೇ ಸಾಕು. ನಾನು ಹೊಸಬರಿಗೆ ಜಾಸ್ತಿ ಹೇಳುವುದು ಇದರ ಮುಂದಿನದು, ನಾಬ್ ಸುತ್ತ ಕಾಗದದ ಪಟ್ಟಿ. ನಾಬ್‌ನ ಅಡ್ಡಳತೆ 30 ಮಿ.ಮೀ. ಇದ್ದರೆ ಸುತ್ತಳತೆ 94 ಮಿ.ಮೀ. ಒಂದು ಸುತ್ತಿಗೆ 60 ಕ್ಲಿಕ್ ಇದ್ದರೆ ಒಂದು ಕ್ಲಿಕ್‌ಗೆ ಒಂದೂವರೆ ಮಿ.ಮೀ.ಗೆ ಸ್ವಲ್ಪ ಜಾಸ್ತಿ. ನಿಮ್ಮ 100 ಮೀಟರ್ ಗುರುತು 27 ಕ್ಲಿಕ್‌ಗೆ ಇದ್ದರೆ ಪಟ್ಟಿಯಲ್ಲಿ ಸೊನ್ನೆಯಿಂದ 42 ಮಿ.ಮೀ. ದೂರಕ್ಕೆ ಬರುತ್ತದೆ. ಚೂಪಾದ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮೇಲೆ ಪಾರದರ್ಶಕ ಟೇಪ್ ಸುತ್ತಿ. ನಾಬ್ ಯಾವ ಕಡೆಗೆ ತಿರುಗಿದರೆ ಏರುತ್ತದೆ ಅಂತ ನೋಡಿ ಅಂಕಿ ಬರೆಯಿರಿ. ತಿರುವುಮುರುವು ಆಗುವುದು ಇಲ್ಲೇ. ತೋಟಾ ಬದಲಾದರೆ ಪಟ್ಟಿ ಕಿತ್ತು ಹೊಸದು ಅಂಟಿಸಿದರೆ ಆಯಿತು.

ಕಂಪನಿಯಿಂದಲೇ ಕೊರೆಸುವುದು ಒಳ್ಳೆಯದೇ, ಆದರೆ ಆ ಸ್ಕೋಪ್ ಮಾಡೆಲ್‌ಗೆ ಅವರು ಟೊಪ್ಪಿ ಮಾಡುತ್ತಿರಬೇಕು, ಅದೂ ಒಂದು ಸೀಸನ್ ಪೂರ್ತಿ ಒಂದೇ ತೋಟಾದಲ್ಲಿ ನಿಮ್ಮ ಅಂಕಿ ನಿಂತಿರಬೇಕು. ಹೆಬ್ಬಾಳ್‌ನ ಲೇಸರ್ ಅಂಗಡಿಯವರು ಅಲ್ಯೂಮಿನಿಯಂ ಟೊಪ್ಪಿ ಮೇಲೆ ಚೆನ್ನಾಗಿಯೇ ಗುರುತು ಹಾಕಿಕೊಡುತ್ತಾರೆ, ಕೆಲಸದ ಬಗ್ಗೆ ನನಗೆ ಅನುಮಾನ ಇಲ್ಲ. ನನ್ನ ಹೆದರಿಕೆ ಬೇರೆ. ಸ್ಕೋಪನ್ನೇ ಅವರ ಕೈಗೆ ಕೊಡಬೇಡಿ. ಟೊಪ್ಪಿಯ ಪಕ್ಕದ ಸಣ್ಣ ಗ್ರಬ್ ಸ್ಕ್ರೂಗಳನ್ನು ಸರಿಯಾದ ಅಳತೆಯ ಆಲನ್ ಕೀಯಲ್ಲಿ ಸಡಿಲಿಸಿ, ಟೊಪ್ಪಿ ಮಾತ್ರ ಬಿಚ್ಚಿ ಕೊಡಿ. ಅದರ ಕೆಳಗಿನ ನಟ್ ಮುಟ್ಟಿದರೆ ಒಳಗೆ ತುಂಬಿರುವ ನೈಟ್ರೋಜನ್ ಥರದ ಒಣ ಅನಿಲ ಹೋಗಬಹುದು. ಮಳೆಗಾಲ ಬಂದಾಗ ಗಾಜಿನ ಒಳಮೈಯಲ್ಲಿ ಮಂಜು ಕಟ್ಟುತ್ತದೆ, ಆಮೇಲೆ ಒರೆಸಲು ಆಗುವುದಿಲ್ಲ. ಮೂಲ ಟೊಪ್ಪಿಯನ್ನೇ ಉಜ್ಜಿಸಬೇಡಿ, ಒಂದು ಹೆಚ್ಚುವರಿ ತರಿಸಿಕೊಳ್ಳಿ.

ಒಂದು ಸುತ್ತಿಗಿಂತ ಜಾಸ್ತಿ ತಿರುಗುವ ಟರೆಟ್ ಆದರೆ ಎಷ್ಟನೇ ಸುತ್ತಿನಲ್ಲಿದ್ದೀರಿ ಅನ್ನುವುದು ಮರೆಯುವ ಅಪಾಯ ಇದೆ. 100 ಮೀಟರ್ ಹೊಡೆದು ಹಾಗೇ ಬಿಟ್ಟು, ಮುಂದಿನ ವಾರ 50ಕ್ಕೆ ಹೊಡೆದು ಗುಂಡು ಎಲ್ಲಿ ಹೋಯಿತು ಅಂತ ಹುಡುಕುವವರನ್ನು ರೇಂಜ್‌ನಲ್ಲಿ ಆಗಾಗ ನೋಡುತ್ತೇನೆ. ರೈಫಲ್ ಚೀಲಕ್ಕೆ ಹಾಕುವ ಮೊದಲು ಸೊನ್ನೆಗೆ ತನ್ನಿ. ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸಿ ವಾಪಸ್ ತಂದರೆ ಝೀರೋ ಮತ್ತೆ ನೋಡದೆ ಯಾವ ಗುರುತನ್ನೂ ನಂಬಬೇಡಿ.

ಭಾವನಿಗೂ ಒಂದು ಮಾತು ಮುಟ್ಟಿಸಿ. ಅವರ ಡಯಲ್ ಮೇಲೆ 5 ಇದೆ ಅಂದರೆ 500 ಗಜಕ್ಕೆ ಹೊಡೆಯಬಹುದು ಅಂತ ಅಲ್ಲ. ಆ .30-06 ಗುಂಡಿಗೆ 400 ಗಜದಲ್ಲಿ ಗಂಟೆಗೆ 10 ಮೈಲಿ ಅಡ್ಡ ಗಾಳಿ ಸುಮಾರು ಒಂದು ಅಡಿ ಪಕ್ಕಕ್ಕೆ ತಳ್ಳುತ್ತದೆ. 425 ಗಜವನ್ನು 400 ಅಂತ ತಪ್ಪಾಗಿ ಅಳೆದರೆ ಸುಮಾರು 15 ಸೆಂ.ಮೀ. ಕೆಳಗೆ ಬೀಳುತ್ತದೆ. ಜಿಂಕೆಯ ಎದೆಯಲ್ಲಿ ಒಂದೇ ಏಟಿಗೆ ಪ್ರಾಣ ಹೋಗುವ ಜಾಗ 20–25 ಸೆಂ.ಮೀ. ಅಗಲ ಅಷ್ಟೇ. ತಪ್ಪಿದರೆ ಹೊಟ್ಟೆಗೋ ಕಾಲಿಗೋ ಬಿದ್ದು ಪ್ರಾಣಿ ಕಾಡಿನೊಳಗೆ ಓಡಿಹೋಗಿ ನರಳುತ್ತದೆ. ಬಯಲಿನ ಗಾಳಿಯಲ್ಲಿ, ಏದುಸಿರು ಬಿಡುತ್ತಾ, ಮೊದಲ ಗುಂಡನ್ನೇ ಆ ಅಗಲದ ಒಳಗೆ ಪ್ರತಿ ಸಲ ಇಡಲು ಎಷ್ಟು ದೂರದ ತನಕ ಆಗುತ್ತದೋ ಅಷ್ಟೇ ಅವರ ದೂರ. ಅದರ ಮುಂದಿನ ಅಂಕಿಗಳ ಮೇಲೆ ಒಂದು ತುಂಡು ಟೇಪ್ ಅಂಟಿಸಿಕೊಳ್ಳಲಿ.

ನೀವು ಪರೀಕ್ಷೆ ಮಾಡಿದ ಮೇಲೆ ಪೇಪರ್‌ಗಳ ಫೋಟೋ ಕಳಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ತೋಟಾ ಡಬ್ಬದ ಲಾಟ್ ನಂಬರ್, ಗಾಳಿ ಯಾವ ಕಡೆಯಿಂದ ಇತ್ತು, ಬೆಳಿಗ್ಗೆಯೋ ಮಧ್ಯಾಹ್ನವೋ ಅನ್ನುವುದನ್ನೂ ಬರೆಯಿರಿ. ಅದನ್ನು ನೋಡಿ ನಿಮ್ಮ ಪಟ್ಟಿಯ ಅಂಕಿ ಸರಿ ಇದೆಯಾ ಅಂತ ಹೇಳುತ್ತೇನೆ.